ಮೊಮ್ಮಗುವಿಗೆ ಐರಿಷ್ ಹೆಸರು: ಅರ್ಥ ಏನು, ಅಕ್ಕಿಯ ಮೇಲೆ ಕನ್ನಡದಲ್ಲಿ ಹೇಗೆ ಬರೆಯಲಿ?

ಕುಮಟೆಯ ಅಮ್ಮಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಐರ್ಲೆಂಡಿನ ಗಾಲ್ವೆಯಲ್ಲಿದ್ದಾಳೆ. ಅಳಿಯ ಅಲ್ಲಿಯವನೇ, ಗಾಲ್ವೆಯಿಂದ ಇನ್ನೂ ಪಶ್ಚಿಮಕ್ಕೆ ಕಾರ್ನಾ ಎಂಬ ಕಡಲತಡಿಯ ಊರು. ಆ ಸೀಮೆಯಲ್ಲಿ ಈಗಲೂ ಮನೆಮಾತು ಐರಿಷ್. ಮಗಳಿಗೆ ಏಳು ತಿಂಗಳು ತುಂಬಿತು. ಬಾಣಂತನಕ್ಕೆ ನಾನೇ ಹೊರಟಿದ್ದೇನೆ, ಹನ್ನೆರಡನೇ ದಿನ ನಾಮಕರಣ ಅಲ್ಲೇ ಮಾಡುವುದು ಅಂತ ಮಾತಾಗಿದೆ.

ಬೀಗಿತ್ತಿ ತಮ್ಮ ಕೈಯಾರೆ ಹೆಸರುಗಳ ಒಂದು ಪಟ್ಟಿ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಕಳಿಸಿದ್ದಾರೆ. ನನ್ನನ್ನು ಕೇಳದೆ ಹೆಸರು ಇಡುವುದಿಲ್ಲ ಅಂದರಂತೆ. ಅವರ ಆ ಮಾತು ನನಗೆ ಬಹಳ ಹಿಡಿಸಿತು. ಆದರೆ ಪಟ್ಟಿ ಓದಲು ಆಗುತ್ತಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಇಂಗ್ಲಿಷ್ ಓದುವುದಕ್ಕೆ ತೊಂದರೆಯಿಲ್ಲ. ಒಂದು ಹೆಸರಿನಲ್ಲಿ ಎಸ್, ಎ, ಡಿ, ಹೆಚ್, ಬಿ, ಹೆಚ್ ಸಾಲಾಗಿ ನಿಂತಿವೆ. ನಾನು ‘ಸಧ್ಭ’ ಅಂತ ಓದಿದೆ. ‘ಅದು ಸೈವ್, ಆಯಿ’ ಅಂದಳು ಮಗಳು. ಡಿ ಎಲ್ಲಿ ಹೋಯಿತು, ಬಿ ಎಲ್ಲಿ ಹೋಯಿತು ಎಂದರೆ ಅವಳಿಗೂ ಗೊತ್ತಿಲ್ಲ.

ನಮ್ಮಲ್ಲಿ ಹರಿವಾಣದಲ್ಲಿ ಅಕ್ಕಿ ಹರವಿ, ಚಿನ್ನದ ಉಂಗುರದಿಂದ ಹೆಸರು ಬರೆದು, ಆಮೇಲೆ ಮಗುವಿನ ಕಿವಿಯಲ್ಲಿ ಹೇಳುವುದು. ಬರೆಯುವವಳು ನಾನು, ಕನ್ನಡದಲ್ಲೇ ಬರೆಯುತ್ತೇನೆ. ಒಂದು ಒತ್ತು, ಒಂದು ದೀರ್ಘ ತಪ್ಪಿದರೂ ಮನಸ್ಸಿಗೆ ಸಮಾಧಾನ ಆಗದು. ಪಟ್ಟಿಯಲ್ಲಿ ಎರಡೂ ತರದ ಹೆಸರಿವೆ, ಗಂಡೋ ಹೆಣ್ಣೋ ಅಂತ ಅವರು ಕೇಳಿಕೊಂಡಿಲ್ಲ. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಉಚ್ಚಾರ, ಅರ್ಥ, ಹಿಂದಿನ ಕಥೆ ತಿಳಿಸಿ. ನಮ್ಮ ಕಿವಿಗೆ ಕೆಟ್ಟದಾಗಿ ಕೇಳುವ ಹೆಸರಿದ್ದರೆ ಮುಲಾಜಿಲ್ಲದೆ ಹೇಳಿ.

ಸದಾಶಿವಗಡದ ಸಿಸ್ಟರ್:

ಅಕ್ಕಾ, ನಾನು ಗಾಲ್ವೆಯಲ್ಲಿ ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು ಈಗ ಕಾರವಾರಕ್ಕೆ ವಾಪಸ್ ಬಂದವಳು. ಈ ಹೆಸರುಗಳನ್ನು ಎಳೆ ಮಕ್ಕಳ ಕೈಪಟ್ಟಿಯ ಮೇಲೆ ನಾನೇ ಬರೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೂ ಓದಿ.

ಮೊದಲು ಇಂಗ್ಲಿಷ್ ಓದುವ ಅಭ್ಯಾಸವನ್ನು ಪಕ್ಕಕ್ಕಿಡಿ. ಐರಿಷಿನ ಹಳೆಯ ಅಕ್ಷರಮಾಲೆಯಲ್ಲಿ ಹದಿನೆಂಟೇ ಅಕ್ಷರ. ವಿ ಇಲ್ಲ. ‘ವ’ ಬೇಕಾದಾಗ ಬಿ-ಹೆಚ್ ಅಥವಾ ಎಂ-ಹೆಚ್ ಬರೆಯುತ್ತಾರೆ. ಹಿಂದೆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು, ಇಪ್ಪತ್ತನೇ ಶತಮಾನದ ನಡುವಿನಲ್ಲಿ ಮಾಮೂಲಿ ರೋಮನ್ ಅಚ್ಚಿಗೆ ಬಂದಾಗ ಆ ಚುಕ್ಕಿಯ ಜಾಗಕ್ಕೆ ಹೆಚ್ ಬಂತು. ನಿಮ್ಮ ಹೆಸರಿನಲ್ಲಿ ಎ-ಡಿ-ಹೆಚ್ ಸೇರಿ ‘ಐ’, ಬಿ-ಹೆಚ್ ‘ವ್’, ಅದಕ್ಕೇ ಸೈವ್. ಟಿ, ಎ, ಡಿ, ಹೆಚ್, ಜಿ ಕಂಡರೆ ಇದೇ ಲೆಕ್ಕದಲ್ಲಿ ‘ಟೈಗ್’, ಕವಿ ಅಂತ ಅರ್ಥ. ಎಸ್ ಪಕ್ಕದಲ್ಲಿ ಇ ಅಥವಾ ಐ ಇದ್ದರೆ ಅದು ‘ಶ’.

ಇನ್ನು ಸ್ವರದ ತಲೆಯ ಮೇಲೆ ಓರೆಯಾಗಿ ಒಂದು ಸಣ್ಣ ಗೀಟು ಇದೆಯಾ ನೋಡಿ. ಅದಕ್ಕೆ ಅವರು ಫಾಡಾ ಅನ್ನುತ್ತಾರೆ, ಉದ್ದ ಅಂತ ಅರ್ಥ. ನಮ್ಮ ದೀರ್ಘವೇ ಅದು. ಗೀಟು ಇದ್ದಲ್ಲಿ ನೀವು ಕಣ್ಣು ಮುಚ್ಚಿಕೊಂಡು ದೀರ್ಘ ಹಾಕಬಹುದು. ನಿಜ ಹೇಳಬೇಕೆಂದರೆ ಈ ಹೆಸರುಗಳನ್ನು ಇಂಗ್ಲಿಷಿನವರಿಗಿಂತ ಚೊಕ್ಕವಾಗಿ ನಾವು ಬರೆಯಬಲ್ಲೆವು, ನಮಗೆ ಉಚ್ಚರಿಸಿದ ಹಾಗೆ ಬರೆಯುವ ಲಿಪಿ ಇದೆ.

ಪಟ್ಟಿಯಲ್ಲಿ ಎನ್-ಐ-ಎ-ಎಂ-ಹೆಚ್ ಇರಲೇಬೇಕು. ಅದು ನೀವ್, ಬೆಳಕು, ಹೊಳಪು ಅಂತ ಅರ್ಥ. ಕಡಲದೇವ ಮನನ್ನಾನನ ಮಗಳು. ಉಶೀನ್ ಎಂಬ ವೀರನನ್ನು ಬಿಳಿ ಕುದುರೆಯ ಮೇಲೆ ಕೂರಿಸಿಕೊಂಡು ಸಮುದ್ರದಾಚೆಯ ಮುಪ್ಪಿಲ್ಲದ ನಾಡಿಗೆ ಹೋದಳು. ಅವನು ಊರು ನೋಡುವ ಆಸೆಯಿಂದ ತಿರುಗಿ ಬಂದರೆ ಇಲ್ಲಿ ಮುನ್ನೂರು ವರ್ಷ ಕಳೆದಿತ್ತು, ಕಾಲು ನೆಲಕ್ಕೆ ತಾಗಿದ್ದೇ ಮುದುಕನಾಗಿಬಿಟ್ಟ. ರೈವತ ರಾಜ ಮಗಳು ರೇವತಿಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಯುಗಗಳೇ ಕಳೆದಿದ್ದವು ಅಂತ ನಮ್ಮಲ್ಲಿ ಇದೆಯಲ್ಲ, ಅದೇ ಜಾತಿಯ ಕಥೆ. ಉಶೀನ್ ಅಂದರೆ ಜಿಂಕೆಮರಿ. ಅವನ ತಾಯಿಯೇ ನಿಮ್ಮ ಪಟ್ಟಿಯ ಸೈವ್, ಮಂತ್ರಕ್ಕೆ ಸಿಕ್ಕಿ ಜಿಂಕೆಯಾದವಳು. ಕಥೆ ಚಂದ, ಆದರೆ ಕುಮಟೆಯ ಅಂಗಳದಲ್ಲಿ ನಿಂತು ಮಗುವನ್ನು ‘ನೀವ್, ಬಾ ಇಲ್ಲಿ’ ಎಂದು ಕರೆದರೆ ಯಾರನ್ನು ಕರೆದದ್ದು ಅಂತ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ.

ಸಿ-ಎ-ಒ-ಐ-ಎಂ-ಹೆಚ್-ಇ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಕೀವಾ ಅಂತ ಉಚ್ಚಾರ, ಗಾಲ್ವೆ ಕಡೆ ಕ್ವೀವಾ. ಮೃದು ಸ್ವಭಾವದವಳು ಅಂತ ಬಹಳ ಒಳ್ಳೆಯ ಅರ್ಥ. ಆದರೆ ನಮ್ಮ ಕಿವಿಗೆ ಗಾಯದ ಕೀವೇ ಕೇಳುವುದು, ಶಾಲೆಗೆ ಹೋಗುವ ವಯಸ್ಸಿನಲ್ಲಿ ರಜೆಗೆ ಊರಿಗೆ ಬಂದರೆ ಮಕ್ಕಳು ಸುಮ್ಮನಿರುವುದಿಲ್ಲ. ಆನ್ಯಾ ಎಂಬುದೂ ಹಾಗೇ. ಅಲ್ಲಿ ಪ್ರಭೆ ಅಂತ ಅರ್ಥ, ಲಿಮರಿಕ್ ಕಡೆ ಅವಳ ಹೆಸರಿನ ಬೆಟ್ಟವೇ ಇದೆ. ಇಲ್ಲಿ ಮನೆಯ ಕೂಸನ್ನು ಅನ್ಯಾ ಅಂತ ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಆಶ್ಲಿಂಗ್ ಒಳ್ಳೆಯದು, ಕನಸು ಅಂತ. ಹದಿನೆಂಟನೇ ಶತಮಾನದಲ್ಲಿ ಅವರ ಕವಿಗಳು ಐರ್ಲೆಂಡ್ ಒಬ್ಬ ಹೆಣ್ಣಿನ ರೂಪದಲ್ಲಿ ಕನಸಿನಲ್ಲಿ ಬಂದಳು ಅಂತ ಹಾಡು ಕಟ್ಟುತ್ತಿದ್ದರು, ಆ ಹಾಡುಗಳಿಗೇ ಆಶ್ಲಿಂಗ್ ಅನ್ನುವುದು. ಸಿದ್ದಾಪುರದ ಭುವನಗಿರಿಗೆ ಹೋಗಿ ಬಂದವರಿಗೆ ನಾಡೇ ತಾಯಿ ಎಂಬ ಭಾವನೆ ಹೊಸದೇನಲ್ಲ. ಮನೆಯಲ್ಲಿ ಆಶಾ ಅಂತ ಕರೆದರೂ ಆಯಿತು.

ಗಂಡು ಮಗುವಾದರೆ ಒಂದೇ ಹೆಸರು ಹೇಳುತ್ತೇನೆ, ಏಕೆಂದರೆ ಅಳಿಯ ಕಾರ್ನಾದವರು: ಮ್ಯಾಕ್ ದಾರಾ. ಓಕ್ ಮರದ ಮಗ ಅಂತ ಅರ್ಥ. ಕಾರ್ನಾದ ಎದುರಿಗೇ ಆ ಸಂತನ ದ್ವೀಪ ಇದೆ, ಮೇಲೆ ಸಣ್ಣ ಕಲ್ಲಿನ ಗುಡಿ. ಹಾಯಿದೋಣಿಯವರು ಆ ದ್ವೀಪ ದಾಟುವಾಗ ಹಾಯಿಯನ್ನು ಮೂರು ಸಲ ತಗ್ಗಿಸಿ ನಮಸ್ಕಾರ ಮಾಡುವುದು ಪದ್ಧತಿ. ಜುಲೈ 16ಕ್ಕೆ ಸಂತನ ಹಬ್ಬ, ಜನ ದೋಣಿ ಹತ್ತಿ ದ್ವೀಪಕ್ಕೆ ಹೋಗುತ್ತಾರೆ, ಅಲ್ಲೇ ಪೂಜೆ, ಆಮೇಲೆ ದೋಣಿ ಸ್ಪರ್ಧೆ. ನನಗೆ ಅದನ್ನು ಮೊದಲ ಸಲ ಹೇಳಿದವಳು ವಾರ್ಡಿನ ಆಯಾ. ಕೂರ್ಮಗಡದ ನರಸಿಂಹನ ಜಾತ್ರೆಗೆ ಬೈತಖೋಲಿನಿಂದ ಬೋಟು ಸಿಂಗರಿಸಿಕೊಂಡು ಹೋಗುವ ನಮ್ಮ ಮಂದಿಯ ವಿಷಯ ನಾನು ಹೇಳಿದಾಗ ಅವಳು ಕೆಲಸ ಬಿಟ್ಟು ಕೂತು ಕೇಳಿದ್ದಳು. ಬೀಗಿತ್ತಿಯ ಪಟ್ಟಿಯಲ್ಲಿ ಈ ಹೆಸರು ಇಲ್ಲದಿದ್ದರೆ ನನಗೆ ಆಶ್ಚರ್ಯ.

ಶಿರಸಿ ಮಾಣಿ, ಡಬ್ಲಿನ್:

ಅಕ್ಕೋರೇ, ಸಿಸ್ಟರ್ ಹೇಳಿದ್ದೆಲ್ಲ ಸರಿ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಗು ಎರಡೂ ಕಡೆ ಬದುಕಬೇಕು, ಹಾಗಾಗಿ ಎರಡೂ ಕಡೆ ಇರುವ ಹೆಸರೇ ಒಳ್ಳೆಯದು. ತಾರಾ ಇದೆ ನೋಡಿ. ಮೀತ್ ಜಿಲ್ಲೆಯ ತಾರಾ ಗುಡ್ಡ ಅವರ ಹಳೆಯ ಮಹಾರಾಜರ ಪಟ್ಟದ ಜಾಗ. ಶೀಲಾ ಇದೆ, ಸಿಸಿಲಿಯಾ ಎಂಬ ಹೆಸರಿನ ಐರಿಷ್ ರೂಪ ಅದು, ಉಚ್ಚಾರ ಥೇಟ್ ನಮ್ಮ ಶೀಲಾನೇ.

ನಮ್ಮ ಮಗನಿಗೆ ಕಿರಣ ಅಂತ ಇಟ್ಟೆವು. ಕ್ರೆಶ್‌ನಲ್ಲಿ ಎಲ್ಲರೂ ಕೀರಾನ್ ಅಂದುಕೊಂಡು ಸಲೀಸಾಗಿ ಕರೆಯುತ್ತಾರೆ. ಕ್ಲಾನ್‌ಮ್ಯಾಕ್‌ನಾಯ್ಸಿನಲ್ಲಿ ಆರನೇ ಶತಮಾನದಲ್ಲಿ ಮಠ ಕಟ್ಟಿದ ಸಂತನ ಹೆಸರದು. ಅರ್ಥ ಮಾತ್ರ ತಿರುಗುಮುರುಗು, ಕೀರಾನ್ ಅಂದರೆ ಪುಟ್ಟ ಕಪ್ಪಣ್ಣ. ನಮ್ಮ ಆಯಿಗೆ ಅದು ಗೊತ್ತಾದಾಗ ‘ಕೃಷ್ಣ ಅಂದರೂ ಕಪ್ಪೇ ಅಲ್ದನಾ’ ಅಂತ ಖುಷಿಪಟ್ಟಳು.

ಇನ್ನೂ ಎರಡು. ರೀಅನ್ ಅಂದರೆ ಪುಟ್ಟ ರಾಜ. ಅವರ ‘ರೀ’ ಮತ್ತು ನಮ್ಮ ‘ರಾಜ’ ಒಂದೇ ಬೇರಿನವು. ಮೇವ್ ಎಂಬ ರಾಣಿಯ ಹೆಸರು ನಮ್ಮ ‘ಮಧು’ವಿಗೆ ನೆಂಟು, ಅಮಲೇರಿಸುವವಳು ಅಂತ ಅರ್ಥ. ಹುಲ್ಲು ಮೇವು ನೆನಪಾಗುತ್ತದೆ ಅಂದರೆ ಬಿಡಿ.

ಸದಾಶಿವಗಡದ ಸಿಸ್ಟರ್:

ತಮ್ಮಾ, ನಿಮ್ಮ ಮನೆಗೆ ಕಿರಣ ಸರಿಯಾಗಿ ಹೊಂದಿತು, ಏಕೆಂದರೆ ನೀವಿಬ್ಬರೂ ಇಲ್ಲಿಯವರು. ಅಕ್ಕನ ಸಂಗತಿ ಬೇರೆ. ಐರಿಷ್ ಆಡುವ ಸೀಮೆಯಲ್ಲಿ ಮನೆಭಾಷೆಯನ್ನು ಉಳಿಸಿಕೊಂಡು ಬಂದ ಹೆಂಗಸು ತನ್ನ ಭಾಷೆಯ ಹೆಸರುಗಳನ್ನು ಕೈಯಾರೆ ಬರೆದು ಕಳಿಸಿದ್ದಾರೆ. ಅದಕ್ಕೆ ಉತ್ತರವಾಗಿ ‘ಎರಡೂ ಕಡೆ ನಡೆಯುತ್ತದೆ’ ಅಂತ ಶೀಲಾ ಹೇಳಿದರೆ ಅವರಿಗೆ ಏನೂ ಕೊಟ್ಟ ಹಾಗಾಗುವುದಿಲ್ಲ, ಅಕ್ಕನಿಗೂ ಏನೂ ಸಿಕ್ಕ ಹಾಗಾಗುವುದಿಲ್ಲ. ಅವರ ಹೆಸರು ಪೂರ್ತಿ ಅವರದ್ದಿರಲಿ, ಪಕ್ಕದಲ್ಲಿ ನಮ್ಮದೂ ಪೂರ್ತಿ ನಮ್ಮದೇ ಇರಲಿ.

ಅಕ್ಕಾ, ಇನ್ನೊಂದು ವಿಷಯ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೆ ಅವರಲ್ಲೂ ಹಳೆಯ ಕ್ರಮ ಇತ್ತು. ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರು. ಮೊದಲ ಹೆಣ್ಣು ಮಗುವಿಗೆ ತಾಯಿಯ ತಾಯಿಯ ಹೆಸರು. ಅಂದರೆ ಹೆಣ್ಣಾದರೆ ಅವರ ಕ್ರಮದಲ್ಲೇ ನಿಮ್ಮ ಹೆಸರು ಬರಬೇಕು. ಬೀಗಿತ್ತಿಯ ಹತ್ತಿರ ಈ ಮಾತು ಎತ್ತಿ ನೋಡಿ.

ಕುಮಟೆಯ ಅಮ್ಮಮ್ಮ:

ಇಬ್ಬರಿಗೂ ಕೈಮುಗಿದೆ. ಸಿಸ್ಟರ್, ಫಾಡಾ ವಿಷಯ ಓದಿದ ಮೇಲೆ ಪಟ್ಟಿಯನ್ನು ಮತ್ತೆ ತೆಗೆದು ಒಂದೊಂದೇ ಹೆಸರಿನ ಎದುರಿಗೆ ಕನ್ನಡದಲ್ಲಿ ಬರೆಯುತ್ತಾ ಹೋದೆ. ಮಗಳಿಗೆ ಓದಿ ಹೇಳಿದರೆ ಹೆಚ್ಚಿನವು ಸರಿಯಾಗಿದ್ದವು. ಮ್ಯಾಕ್ ದಾರಾ ಪಟ್ಟಿಯ ಮೊದಲ ಹೆಸರೇ. ಅಳಿಯನ ಅಜ್ಜನ ಹೆಸರೂ ಅದೇ ಅಂತೆ, ಗಂಡಾದರೆ ಅದೇ ಇರಲಿ ಅಂದೆ.

ಹೆಣ್ಣಿಗೆ ನನ್ನ ಮನಸ್ಸು ನಿಂತದ್ದು ಎಸ್-ಎ-ಒ-ಐ-ಆರ್-ಎಸ್-ಇ ಮೇಲೆ. ಅದು ಸೀರ್ಶಾ ಅಲ್ಲವೇ? ಸ್ವಾತಂತ್ರ್ಯ ಅಂತ ಅರ್ಥ ಅಂದಳು ಮಗಳು. ಹಳೆಯ ಸಂತರ ಹೆಸರಲ್ಲ, ಅವರ ಸ್ವಾತಂತ್ರ್ಯ ಹೋರಾಟದ ಕಾಲದಿಂದ ಈಚೆಗೆ ಹೆಣ್ಣು ಮಕ್ಕಳಿಗೆ ಇಡಲು ಶುರುವಾದದ್ದಂತೆ. ನನ್ನ ತವರು ಅಂಕೋಲೆ ಕಡೆ. 1930ರ ಉಪ್ಪಿನ ಸತ್ಯಾಗ್ರಹ ಅಲ್ಲಿ ಆಯಿತು, ಅದರ ಬೆನ್ನಿಗೇ ಕರನಿರಾಕರಣೆ. ನನ್ನ ಅಜ್ಜ ತೆರಿಗೆ ಕಟ್ಟುವುದಿಲ್ಲ ಅಂತ ನಿಂತು ಗದ್ದೆ ಜಪ್ತಿ ಮಾಡಿಸಿಕೊಂಡವರು. ಹಿತ್ತಾಳೆಯ ಹಂಡೆಯನ್ನೂ ಹೊತ್ತುಕೊಂಡು ಹೋದರಂತೆ, ಅಜ್ಜಿ ಆ ಬಚ್ಚಲಿನ ಒಲೆ ಖಾಲಿ ಇದ್ದದ್ದನ್ನು ಕೊನೆಯವರೆಗೂ ಹೇಳುತ್ತಿದ್ದಳು. ಬೀಗಿತ್ತಿಗೆ ಇದನ್ನು ಹೇಳಿದೆ. ಮಗಳು ಅನುವಾದ ಮಾಡಿದಳು. ಫೋನಿನ ಆ ಕಡೆ ಅವರು ಅತ್ತುಬಿಟ್ಟರು, ನನಗೂ ತಡೆಯಲಾಗಲಿಲ್ಲ.

ತಾಯಿಯ ತಾಯಿಯ ಹೆಸರಿನ ಕ್ರಮವನ್ನೂ ಕೇಳಿದೆ. ‘ಹೌದು, ಹಾಗೇ ಆಗಬೇಕು’ ಅಂದರು. ಹಾಗಾಗಿ ಸೀರ್ಶಾ ಭಾಗೀರಥಿ. ನನ್ನ ಹೆಸರನ್ನು ಅವರು ಓದುವುದು ಹೇಗೆ ಎಂಬುದು ಈಗಿನ ಪ್ರಶ್ನೆ. ಸರ್ಟಿಫಿಕೇಟಿನಲ್ಲಿ ಯಾವ ಅಕ್ಷರ ಹಾಕಿಸಲಿ?

ಸದಾಶಿವಗಡದ ಸಿಸ್ಟರ್:

ಸೀರ್ಶಾ ಸರಿ ಅಕ್ಕಾ. ಕೆಲವರು ಸರ್ಶಾ, ಸೇರ್ಶಾ ಅನ್ನುವುದೂ ಉಂಟು. ಕಾರ್ನಾದವರ ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಬರೆಯಿರಿ, ಬೀಗಿತ್ತಿಯಿಂದ ಒಂದು ವಾಯ್ಸ್ ಮೆಸೇಜ್ ತರಿಸಿಕೊಳ್ಳಿ.

ಭಾಗೀರಥಿ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ನಾವು ಬರೆಯುವಂತೆ ಬಿ-ಹೆಚ್ ಬರೆದರೆ ಐರಿಷ್ ಬಲ್ಲವರ ಕಣ್ಣಿಗೆ ಅದು ‘ವ’. ಐರಿಷಿನಲ್ಲಿ ಟಿ-ಹೆಚ್ ಅಂದರೆ ‘ಹ’. ಅಂದರೆ ‘ವಾಗೀರಹಿ’ ಆಗಿಬಿಡುತ್ತದೆ. ಹಾಗಂತ ಹೆಚ್ ತೆಗೆಸಬೇಡಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿಸಿ, ಬಾಯಿಂದ ಕಲಿಸಿ. ನೀವು ಸೈವ್ ಕಲಿತ ಹಾಗೆ ಅವರು ಭಾಗೀರಥಿ ಕಲಿಯುತ್ತಾರೆ. ಮಹಾಪ್ರಾಣ ಬರಲು ದಿನ ಹಿಡಿಯುತ್ತದೆ, ಬಾಯಿಯ ಮುಂದೆ ಅಂಗೈ ಇಟ್ಟು ಉಸಿರು ತಾಗುತ್ತದೋ ನೋಡಲು ಹೇಳಿ. ಅದು ನಿಮಗೆ ಹೇಳಿಕೊಡಬೇಕಾಗಿಲ್ಲ, ಜೀವಮಾನವಿಡೀ ಅದನ್ನೇ ಕಲಿಸಿದವರು ನೀವು.

ಶಿರಸಿ ಮಾಣಿ, ಡಬ್ಲಿನ್:

ಅಕ್ಕೋರೇ, ನನ್ನ ಮಾತು ವಾಪಸ್ ತೆಗೆದುಕೊಂಡೆ, ಸೀರ್ಶಾ ಭಾಗೀರಥಿಯೇ ಆಗಲಿ. ಕಾಗದದ ಕೆಲಸ ಹೇಳುತ್ತೇನೆ. ಇಲ್ಲಿ ಮಗು ಹುಟ್ಟಿ ಮೂರು ತಿಂಗಳೊಳಗೆ ಜನನ ನೋಂದಣಿ ಆಗಬೇಕು, ಹನ್ನೆರಡನೇ ದಿನದ ನಾಮಕರಣ ಮುಗಿಸಿಕೊಂಡು ಹೋದರೂ ಬೇಕಾದಷ್ಟು ಸಮಯ ಇದೆ. ಮುಂದೆ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಮಾಡಿಸುವಾಗ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು, ಆದ್ದರಿಂದ ಭಾಗೀರಥಿಯ ಸ್ಪೆಲ್ಲಿಂಗ್ ಮೊದಲೇ ಒಂದು ಚೀಟಿಯಲ್ಲಿ ಬರೆದು ಅಳಿಯನ ಕೈಗೆ ಕೊಟ್ಟಿರಿ. ಸೀರ್ಶಾದಲ್ಲಿ ಫಾಡಾ ಇಲ್ಲ, ಆ ತಲೆಬಿಸಿ ಇಲ್ಲ. ಗಂಡಾಗಿ ಮ್ಯಾಕ್ ದಾರಾ ಆದರೆ, ಕೂಡಿಸಿ ಒಂದೇ ಪದವಾಗಿ ಬರೆಯುತ್ತಾರೋ ಬಿಡಿಸಿ ಬರೆಯುತ್ತಾರೋ ಅಂತ ಅಳಿಯನ ಮನೆಯಲ್ಲಿ ಕೇಳಿಕೊಂಡು, ಅವರ ಅಜ್ಜನದ್ದು ಹೇಗಿತ್ತೋ ಹಾಗೇ ಹಾಕಿಸಿ.