ಸಹಾಯ ಬೇಕು: ಹಳೇ ಥಂಡರ್‌ಬರ್ಡ್ ಮೇಲ್‌ಗಳನ್ನು ಹೊಸ ಲ್ಯಾಪ್‌ಟಾಪಿಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ಅಪ್ಪನ ವಿಂಡೋಸ್ 7 ಕಂಪ್ಯೂಟರ್ ಇನ್ನು ಜಾಸ್ತಿ ದಿನ ಬಾಳುವ ಹಾಗೆ ಕಾಣುವುದಿಲ್ಲ. ಈ ಮಳೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತದೆ. ಆಮೇಲೆ ಅದಕ್ಕೆ ಮನಸ್ಸಾದರೆ ಆನ್ ಆಗುತ್ತದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ.

ಮೇಲ್ ಎಲ್ಲ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂನಲ್ಲಿದೆ, ಅದೂ ಮೇಲನ್ನು ಕಂಪ್ಯೂಟರ್‌ಗೇ ಇಳಿಸಿಕೊಳ್ಳುವ ಪಾಪ್ ಅಕೌಂಟ್. ಸರ್ವರ್‌ನಲ್ಲಿ ಏನೂ ಉಳಿದಿಲ್ಲ. ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಸಂಸ್ಕರಿಸುವ ಕಾರ್ಖಾನೆ) ಔಟ್‌ಟರ್ನ್ ರಿಪೋರ್ಟ್ (ಕೊಟ್ಟ ಕಾಫಿಯಲ್ಲಿ ಬೀಜ ಎಷ್ಟು ಬಂತು ಅನ್ನುವ ಲೆಕ್ಕ), ಕರಿಮೆಣಸಿನ ಲೆಕ್ಕ, ಹೋಂಸ್ಟೇ ಬುಕ್ಕಿಂಗ್ ಎಲ್ಲ ಆ ಡಿಸ್ಕ್‌ನಲ್ಲೇ. ಅಪ್ಪ ಒಂದು ಮೇಲನ್ನೂ ಡಿಲೀಟ್ ಮಾಡಿದವರಲ್ಲ!

ಥಂಡರ್‌ಬರ್ಡ್‌ನ ಟೂಲ್ಸ್ ಮೆನುವಿನಲ್ಲಿರುವ ಎಕ್ಸ್‌ಪೋರ್ಟ್ 2 ಜಿಬಿ ಒಳಗಿನ ಪ್ರೊಫೈಲ್‌ಗೆ (ಮೇಲ್, ಸೆಟ್ಟಿಂಗ್ಸ್ ಎಲ್ಲ ಇರುವ ಫೋಲ್ಡರ್) ಮಾತ್ರ. ನಮ್ಮ ಇನ್‌ಬಾಕ್ಸ್ ಫೈಲ್ ಒಂದೇ 4 ಜಿಬಿ ದಾಟಿದೆ. ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಅಷ್ಟು ದೊಡ್ಡ ಫೈಲ್ ಹಿಡಿಯುವುದಿಲ್ಲ, ಅದಕ್ಕೇ ನಮ್ಮ ಪೆನ್‌ಡ್ರೈವ್‌ಗೆ ಹೋಗುತ್ತಿಲ್ಲ. ಪೆನ್‌ಡ್ರೈವನ್ನು ದೊಡ್ಡ ಫೈಲ್ ಹಿಡಿಯುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಇಡೀ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡಿದರೆ ಸಾಕು, ಅಲ್ವಾ? ಮೊದಲು ಕಾಂಪ್ಯಾಕ್ಟ್ (ಡಿಲೀಟ್ ಆದ ಮೇಲ್‌ಗಳ ಜಾಗ ಖಾಲಿ ಮಾಡುವುದು) ಮಾಡಿ ಅಂತ ಒಬ್ಬರು ಹೇಳಿದರು. ಸಾಯುತ್ತಿರುವ ಡಿಸ್ಕ್‌ನಲ್ಲಿ ಅಷ್ಟು ದೊಡ್ಡ ಫೈಲನ್ನು ಮತ್ತೆ ಬರೆಸುವುದು ನನಗೆ ಸರಿ ಕಾಣುತ್ತಿಲ್ಲ. ಮೊದಲು ಕಾಪಿ, ಆಮೇಲೆ ಬೇಕಾದರೆ ಕಾಂಪ್ಯಾಕ್ಟ್ ಮಾಡೋಣ ಅಂತಿದ್ದೇನೆ.

ಇನ್ನೊಂದು ಡೌಟು. ಹಳೇ ವರ್ಷನ್‌ನ ಪ್ರೊಫೈಲ್ ಹೊಸ ಥಂಡರ್‌ಬರ್ಡ್‌ನಲ್ಲಿ ನೇರವಾಗಿ ತೆರೆಯುವುದು ಒಳ್ಳೆಯದಾ? ಅಥವಾ ಹೊಸ ಅಕೌಂಟ್ ಮಾಡಿ, ಮೇಲ್ ಫೈಲ್‌ಗಳನ್ನಷ್ಟೇ ಲೋಕಲ್ ಫೋಲ್ಡರ್ಸ್‌ಗೆ ಹಾಕಬೇಕಾ? ಮೇಲ್‌ಗಳ ಇಂಡೆಕ್ಸ್ ಇರುವ ಎಂಎಸ್ಎಫ್ ಫೈಲ್‌ಗಳನ್ನು ಕಾಪಿ ಮಾಡದೆ ಬಿಟ್ಟರೂ ಇಂಡೆಕ್ಸ್ ತಾನಾಗೇ ಆಗುತ್ತದೆ ಅಂತ ಗೊತ್ತು. ಸುಮ್ನೆ ಜಿಮೇಲ್‌ಗೆ ಹೋಗಿ ಅನ್ನಬೇಡಿ, ಅಪ್ಪ ಒಪ್ಪುವುದಿಲ್ಲ. ಕುಶಾಲನಗರ, ವಿರಾಜಪೇಟೆ ಕಡೆ ಈ ಕೆಲಸ ಗೊತ್ತಿರುವವರು ಇದ್ದರೂ ತಿಳಿಸಿ.