ಟ್ರೆಕ್ಕಿಂಗ್ ಬ್ಯಾಗ್, ಶೂ ಎಲ್ಲಿ ತಗೊಳ್ಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. 50 ಲೀಟರಿನ ಬ್ಯಾಗ್, ಟ್ರೆಕ್ಕಿಂಗ್ ಶೂ, ಮಳೆ ಜಾಕೆಟ್ ತಗೊಳ್ಳಬೇಕು. ದೊಡ್ಡ ಮಳಿಗೆಯಲ್ಲಿ ಬೆಲೆ ಕಡಿಮೆ, ಸರಿಹೋಗದಿದ್ದರೆ ವಾಪಸ್ ಕೊಡೋದೂ ಸುಲಭ. ಆದರೆ ಬ್ಯಾಗ್ ಕೇಳಿದರೆ ಯಾವ ಬಣ್ಣ ಅಂತಾರೆ, ಅಷ್ಟೇ.

ಟ್ರೆಕ್ಕಿಂಗ್ ಸಾಮಾನು ಮಾತ್ರ ಮಾರುವ ಸಣ್ಣ ಅಂಗಡಿಯಲ್ಲಿ ಮೊದಲು ಬೆನ್ನು ಅಳೆದರು, ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬಿ ಕಾಣುತ್ತಲ್ಲ ಆ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟಕ್ಕೆ. ಆಮೇಲೆ ಬ್ಯಾಗಿಗೆ ತೂಕ ತುಂಬಿ, ಸೊಂಟದ ಪಟ್ಟಿ ಬಿಗಿದು, ಭುಜದ ಪಟ್ಟಿ ಸ್ವಲ್ಪ ಸಡಿಲ ಬಿಟ್ಟು ನಡೆಸಿದರು. ಭಾರ ಹೆಚ್ಚುಕಡಿಮೆ ಪೂರ್ತಿ ಸೊಂಟಕ್ಕೆ ಇಳಿಯಿತು! ಶೂ ನೋಡೋಕೆ ದಪ್ಪ ಸಾಕ್ಸ್ ಹಿಡ್ಕೊಂಡು ಸಂಜೆ ಬನ್ನಿ ಅಂದರು, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದಂತೆ. ಆದರೆ ಬೆಲೆ ಜಾಸ್ತಿ, ಸೈಜುಗಳೂ ಕಡಿಮೆ. ಅಲ್ಲಿ ಅಳತೆ ಕೊಟ್ಟು ಬೇರೆ ಕಡೆ ಕೊಳ್ಳೋಕೆ ನನಗೆ ಮನಸ್ಸಿಲ್ಲ (ಮಾಡೋರು ಇದ್ದಾರೆ ಬಿಡಿ).

ಹಾಗಾಗಿ ಬ್ಯಾಗ್, ಶೂ ಸಣ್ಣ ಅಂಗಡಿಯಲ್ಲೇ ಅಂದುಕೊಂಡಿದ್ದೇನೆ. ಜಾಕೆಟ್ಟಿನದ್ದೇ ಗೊಂದಲ. ದೊಡ್ಡ ಮಳಿಗೆಯವರ ಸ್ವಂತ ಬ್ರಾಂಡಿನದರ ಮೇಲೆ 10,000 ಮಿ.ಮೀ. ಅಂತ ಬರೆದಿದೆ (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತೆ ಅನ್ನೋ ಅಳತೆ), ಹೊಲಿಗೆಗೂ ಒಳಗಡೆ ಟೇಪ್ ಇದೆ. ಇಡೀ ದಿನ ಮಳೆಯಲ್ಲಿ ನಡೆದರೆ ಬ್ಯಾಗಿನ ಪಟ್ಟಿ ಒತ್ತುವ ಭುಜದ ಹತ್ತಿರ ನೀರು ಒಳಗೆ ಬರುತ್ತಾ? ಅಂಥದ್ದು ಬಳಸಿದವರು ದಯವಿಟ್ಟು ಹೇಳಿ.