ಮನೆದೇವರು ಯಾರು ಅಂತ ಕೇಳಿದರೆ ಮಗು ಏನು ಹೇಳಬೇಕು?

ಡಬ್ಲಿನ್‌ನಿಂದ:

ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ದೇವರನ್ನು ನಂಬುವುದಿಲ್ಲ. ಹತ್ತಿರದ ಶಾಲೆಗಳೆಲ್ಲ ಚರ್ಚಿನವು, ಕನ್ನಡ ತರಗತಿ ನಡೆಯುವುದು ದೇವಸ್ಥಾನದ ಸಭಾಂಗಣದಲ್ಲಿ. ಬೇರೆ ಬೇರೆ ದೇಶಗಳಲ್ಲಿರುವ ಇಂಥ ಕನ್ನಡ ಮನೆಯವರು ಏನು ಮಾಡುತ್ತೀರಿ? ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಗಳ ಪೈಕಿ ಸುಮಾರು ಶೇ. 90ರಷ್ಟು ಕ್ಯಾಥೊಲಿಕ್ ಆಡಳಿತದವು. ಸೀಟುಗಳಿಗೆ ನೂಕುನುಗ್ಗಲಿದ್ದಾಗ ಬ್ಯಾಪ್ಟಿಸಮ್ ಆದ ಮಕ್ಕಳನ್ನು ಮುಂದೆ ಬಿಡುತ್ತಿದ್ದ ಪದ್ಧತಿಯನ್ನು 2018ರ ಕಾನೂನು ಈ ಶಾಲೆಗಳಲ್ಲಿ ತೆಗೆದುಹಾಕಿತು. ಹಾಗಾಗಿ ಸೀಟಿನ ಚಿಂತೆ ಕಡಿಮೆಯಾಗಿದೆ. ಆದರೆ ಸೆಕೆಂಡ್ ಕ್ಲಾಸಿನಲ್ಲಿ, ಅಂದರೆ ಏಳೆಂಟು ವರ್ಷಕ್ಕೆ, ಫಸ್ಟ್ ಕಮ್ಯುನಿಯನ್ (ಕ್ಯಾಥೊಲಿಕ್ ಮಕ್ಕಳು ಮೊದಲ ಸಲ ಚರ್ಚಿನ ಪ್ರಸಾದ ಸ್ವೀಕರಿಸುವ ವಿಧಿ) ತಯಾರಿ ಪಾಠದ ಹೊತ್ತಿನಲ್ಲೇ ನಡೆಯುತ್ತದೆ. ಸಂವಿಧಾನದ ಪ್ರಕಾರ ಮಗುವನ್ನು ಅದರಿಂದ ಹೊರಗಿಡಬಹುದು. ಹೊರಗಿಡುವುದು ಅಂದರೆ ಹೆಚ್ಚಿನ ಕಡೆ ಅದೇ ಕೋಣೆಯ ಹಿಂದಿನ ಸಾಲಿನಲ್ಲಿ ಬಣ್ಣ ತುಂಬುತ್ತಾ ಕೂರುವುದು, ಅಷ್ಟೇ.

ಲೆಸ್ಟರ್‌ನಿಂದ:

ಧರ್ಮದ ಪ್ರಭಾವ ಅಂದ ತಕ್ಷಣ ನಮ್ಮ ನಾಸ್ತಿಕರು ದೇವರಿದ್ದಾನೋ ಇಲ್ಲವೋ ಅನ್ನುವ ಜಗಳಕ್ಕೆ ಕೂರುತ್ತಾರೆ. ಆ ಜಗಳ ಗೆದ್ದರೂ ಮಗುವಿನ ದಿನದಲ್ಲಿ ಐದು ನಿಮಿಷವೂ ಬದಲಾಗುವುದಿಲ್ಲ. ಧರ್ಮಕ್ಕೆ ಸಮಾಜದ ಮೇಲೆ ಹಿಡಿತ ಸಿಕ್ಕಿರುವುದು ಏರ್ಪಾಟಿನಿಂದ. ಯಾವ ಫಾರಂನಲ್ಲಿ ಯಾವ ಕಾಲಂ ಇದೆ, ಸಭಾಂಗಣದ ಬೀಗದ ಕೈ ಯಾರ ಹತ್ತಿರ ಇದೆ, ಮನೆಯಲ್ಲಿ ಸಾವಾದರೆ ಮೊದಲು ಯಾರು ಬರುತ್ತಾರೆ, ನೋಡಬೇಕಾದ್ದು ಇದನ್ನು.

ಇಂಗ್ಲೆಂಡಿನ ಲೆಕ್ಕ ಹೇಳುತ್ತೇನೆ. ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ಧರ್ಮಗಳ ಬಗ್ಗೆ ಪಾಠ, ಆರ್‌ಇ. ಇನ್ನೊಂದು ದಿನದ ಸಾಮೂಹಿಕ ಪ್ರಾರ್ಥನೆ. 1944ರಿಂದ ಎರಡೂ ಕಡ್ಡಾಯ. ಸಾಮಾನ್ಯ ಶಾಲೆಗಳಲ್ಲಿ ಪ್ರಾರ್ಥನೆ ಹೆಚ್ಚುಕಡಿಮೆ ಕ್ರೈಸ್ತ ಸ್ವರೂಪದ್ದಾಗಿರಬೇಕು ಅನ್ನುವುದು 1988ರ ಕಾಯ್ದೆಯಿಂದ ಬಂದದ್ದು. ಎಷ್ಟೋ ಸೆಕೆಂಡರಿ ಶಾಲೆಗಳಲ್ಲಿ ಅದು ಹೆಸರಿಗಷ್ಟೇ ಉಳಿದಿದೆ. ಪ್ರೈಮರಿಯಲ್ಲಿ ಮಾತ್ರ ಕೈಮುಗಿದು ಕಣ್ಣುಮುಚ್ಚುವುದು ಈಗಲೂ ಕಾಣುತ್ತದೆ. 1998ರ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ತಂದೆ ತಾಯಿ ಎರಡರಿಂದಲೂ ಮಗುವನ್ನು ಹೊರಗಿಡಬಹುದು, ಒಂದರಿಂದ ಮಾತ್ರವೂ ಹೊರಗಿಡಬಹುದು. ಕಾರಣ ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವುದು ಶಾಲೆಯ ಜವಾಬ್ದಾರಿ. ಹೆಡ್‌ಟೀಚರಿಗೆ ಎರಡು ಸಾಲಿನ ಪತ್ರ ಸಾಕು: ಮಗುವಿನ ಹೆಸರು ಮತ್ತು ಕ್ಲಾಸು, ಯಾವುದರಿಂದ ಹೊರಗಿಡಬೇಕು, ಯಾವ ದಿನದಿಂದ. ಕ್ಲಾಸ್ ಟೀಚರಿಗೆ ಬಾಯಿಮಾತಿನಲ್ಲಿ ಹೇಳಿದರೆ ಟೀಚರ್ ಬದಲಾದ ವರ್ಷ ಅದು ಮರೆತುಹೋಗುತ್ತದೆ.

ನನ್ನ ಸಲಹೆ, ಆರ್‌ಇಯಿಂದ ಹೊರಗಿಡಬೇಡಿ. ರಂಜಾನ್ ಯಾಕೆ ಪ್ರತಿವರ್ಷ ಹಿಂದೆ ಸರಿಯುತ್ತದೆ, ಈಸ್ಟರ್ ಯಾಕೆ ದಿನ ಬದಲಿಸುತ್ತದೆ ಅಂತ ತಿಳಿಯದ ನಾಸ್ತಿಕ ಮಗುವಿಗಿಂತ ತಿಳಿದ ನಾಸ್ತಿಕ ಮಗು ಮೇಲು. ಧರ್ಮ ಇಲ್ಲದವರ ಆಲೋಚನೆಗೂ ಆ ಪಾಠದಲ್ಲಿ ಜಾಗ ಇರಬೇಕು ಅಂತ 2015ರಲ್ಲಿ ಹೈಕೋರ್ಟ್ ಹೇಳಿದೆ. ಸಿಲಬಸ್ ಕೇಳಿ ತರಿಸಿಕೊಂಡು ನೋಡಿ, ಇಲ್ಲದಿದ್ದರೆ ಆ ತೀರ್ಪು ತೋರಿಸಿ. ಪ್ರಾರ್ಥನೆಯ ವಿಷಯ ಬೇರೆ. ಹೊರಗಿಡುವ ಮೊದಲು ಅಸೆಂಬ್ಲಿಯಲ್ಲಿ ಬೇರೆ ಏನೇನು ನಡೆಯುತ್ತದೆ ಕೇಳಿಕೊಳ್ಳಿ. ಹುಟ್ಟುಹಬ್ಬ ಕೂಗುವುದು, ಬಹುಮಾನ ಕೊಡುವುದು, ಪ್ರವಾಸದ ಸುದ್ದಿ, ಎಲ್ಲವೂ ಅದೇ ಇಪ್ಪತ್ತು ನಿಮಿಷದಲ್ಲಿ ಇದ್ದರೆ ಮಗು ಪ್ರಾರ್ಥನೆಯ ಜೊತೆ ಅದನ್ನೂ ಕಳೆದುಕೊಂಡು ಲೈಬ್ರರಿಯಲ್ಲಿ ಒಂಟಿಯಾಗಿ ಕೂರುತ್ತದೆ. ಆಗ ಪ್ರಾರ್ಥನೆಯ ಭಾಗವನ್ನು ಕೊನೆಗೆ ಇಡಿ, ಬೇಡದವರು ಎದ್ದು ಹೋಗಲಿ ಅಂತ ಕೇಳಿ. ನಾಲ್ಕು ಮನೆಯವರು ಒಟ್ಟಿಗೆ ಕೇಳಿದರೆ ನಡೆಯುತ್ತದೆ, ಒಬ್ಬರೇ ಕೇಳಿದರೆ ತಕರಾರಿನವರು ಅನ್ನಿಸಿಕೊಳ್ಳುತ್ತೀರಿ.

ಇಲ್ಲಿ ಸರ್ಕಾರಿ ಶಾಲೆಗಳಲ್ಲಿ ಮೂರರಲ್ಲೊಂದು ಧಾರ್ಮಿಕ ಶಾಲೆ. ಅರ್ಜಿ ಹೆಚ್ಚಾದಾಗ ತಮ್ಮ ಧರ್ಮದ ಮಕ್ಕಳನ್ನು ಮೊದಲು ತೆಗೆದುಕೊಳ್ಳಲು ಅವಕ್ಕೆ ಅವಕಾಶವಿದೆ. ಅದಕ್ಕೇ ಸೀಟಿನ ವರ್ಷ ಚರ್ಚಿನ ಬೆಂಚುಗಳು ತುಂಬುತ್ತವೆ. ಇದನ್ನು ನೋಡಿ ನಗುವ ನಮ್ಮವರೇ ಹಿಂದೂ ಶಾಲೆಯ ಅರ್ಜಿಗೆ ದೇವಸ್ಥಾನದ ಸಹಿ ಹುಡುಕಿಕೊಂಡು ಓಡುತ್ತಾರೆ. 2008ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಸರ್ಕಾರಿ ಹಣದ ಮೊದಲ ಹಿಂದೂ ಶಾಲೆ ಶುರುವಾಯಿತು. ಬೇಡ ಅನ್ನುವವರು ಎರಡನ್ನೂ ಬೇಡ ಅನ್ನಬೇಕು.

ಜನಗಣತಿ ಇನ್ನೊಂದು. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಧರ್ಮ ಇಲ್ಲ ಅಂದವರು ಶೇ. 37.2, ಕ್ರೈಸ್ತರು ಶೇ. 46.2. ಧರ್ಮದ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಿಲ್ಲ. ದೇವರನ್ನು ನಂಬದೆಯೂ ಹಬ್ಬದೂಟದ ಅಭಿಮಾನಕ್ಕೆ ಹಿಂದೂ ಅಂತ ಗುರುತು ಹಾಕುವವರು, ಆ ಗುರುತು ಆಮೇಲೆ ಯಾರ ಬೇಡಿಕೆಪತ್ರದಲ್ಲಿ ತಲೆಯೆಣಿಕೆ ಆಗುತ್ತದೆ ಅಂತ ಯೋಚಿಸಲಿ.

ಫ್ರಾಂಕ್‌ಫರ್ಟ್‌ನಿಂದ:

ಜರ್ಮನಿಯಲ್ಲಿ ಧರ್ಮ ನೇರ ಪೇಸ್ಲಿಪ್ಪಿಗೆ ಬರುತ್ತದೆ. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಆ ಫಾರಂನಲ್ಲಿ ಧರ್ಮದ ಕಾಲಂ ಇದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಬೀಳುತ್ತದೆ: ಬವೇರಿಯಾ ಮತ್ತು ಬಾಡೆನ್ ವ್ಯುರ್ಟೆಂಬೆರ್ಗ್‌ನಲ್ಲಿ ಶೇ. 8, ಉಳಿದ ಕಡೆ ಶೇ. 9. ಗಮನಿಸಿ, ಸಂಬಳದ ಮೇಲಲ್ಲ, ತೆರಿಗೆಯ ಮೇಲೆ. ವರ್ಷಕ್ಕೆ 10,000 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲಿ 900 ಯೂರೋ. ಹಿಂದೂ ಹೆಸರಿನವರಿಗೆ ಇದು ತಟ್ಟುವುದಿಲ್ಲ. ಸಿಕ್ಕಿಬೀಳುವುದು ಮಂಗಳೂರು ಕಡೆಯ ನಮ್ಮ ಕ್ರೈಸ್ತ ಗೆಳೆಯರು. ಚರ್ಚಿಗೆ ಹೋಗುವುದು ಬಿಟ್ಟು ಹತ್ತು ವರ್ಷವಾಗಿದ್ದರೂ ಅಭ್ಯಾಸಬಲದಿಂದ ಕಾಲಂ ತುಂಬಿಬಿಡುತ್ತಾರೆ. ಆಮೇಲೆ ಬಿಡಬೇಕೆಂದರೆ ರಾಜ್ಯಕ್ಕೆ ತಕ್ಕಂತೆ ಸ್ಥಳೀಯ ಕೋರ್ಟಿಗೋ ರಿಜಿಸ್ಟ್ರಿ ಕಚೇರಿಗೋ ಹೋಗಿ ಹೇಳಿಕೆ ಕೊಡಬೇಕು. ಅಲ್ಲಿ ಕೊಡುವ ಪ್ರಮಾಣಪತ್ರವನ್ನು ಎಂದಿಗೂ ಕಳೆದುಕೊಳ್ಳಬೇಡಿ, ಊರು ಬದಲಿಸಿದಾಗ ಕೇಳುತ್ತಾರೆ.

ಶಾಲೆಯಲ್ಲಿ ಧರ್ಮದ ಪಾಠ ಬೇಡ ಅಂದವರಿಗೆ ಹೆಚ್ಚಿನ ಕಡೆ ನೀತಿಶಾಸ್ತ್ರದ ಪಾಠ ಸಿಗುತ್ತದೆ. ಬರ್ಲಿನ್‌ನಲ್ಲಿ 2006ರಿಂದ 7ನೇ ತರಗತಿ ಮೇಲ್ಪಟ್ಟು ಅದು ಎಲ್ಲರಿಗೂ ಕಡ್ಡಾಯ. ನಮ್ಮ ನಾಸ್ತಿಕ ಮಿತ್ರರು ಓದಬೇಕಾದ ಕಾನೂನು ಮಾತ್ರ 1921ರದು: ಮಗುವಿಗೆ 14 ತುಂಬಿದ ಮೇಲೆ ಅದರ ಧರ್ಮ ಅದರ ತೀರ್ಮಾನ. ಅಪ್ಪ ಅಮ್ಮನ ನಾಸ್ತಿಕತೆಯೂ ಅಲ್ಲಿಗೆ ಮುಗಿಯಿತು. ಹದಿನಾಲ್ಕರ ಹುಡುಗಿ ದೇವಸ್ಥಾನಕ್ಕೆ ಹೋಗುತ್ತೇನೆ ಅಂದರೆ ಬಸ್ ಪಾಸ್ ಕೊಡಬೇಕು, ಭಾಷಣ ಬಿಗಿಯಬಾರದು.

ನ್ಯೂಜೆರ್ಸಿಯಿಂದ:

ಅಮೆರಿಕದಲ್ಲಿ ಸರ್ಕಾರಿ ಶಾಲೆ ಪ್ರಾರ್ಥನೆ ಮಾಡಿಸುವಂತಿಲ್ಲ ಅಂತ 1962ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೆಳಗಿನ ಧ್ವಜ ಪ್ರತಿಜ್ಞೆಗೆ ದೇವರ ಹೆಸರು ಸೇರಿದ್ದು 1954ರಲ್ಲಿ. ಅದನ್ನು ಹೇಳು ಅಂತ ಯಾವ ಮಗುವನ್ನೂ ಬಲವಂತ ಮಾಡುವಂತಿಲ್ಲ ಅನ್ನುವ ತೀರ್ಪು ಅದಕ್ಕೂ ಮುಂಚೆ, 1943ರಲ್ಲೇ ಬಂದಿತ್ತು. ಆ ಕೇಸು ಹಾಕಿದವರು ನಾಸ್ತಿಕರಲ್ಲ, ಜೆಹೋವಾ ಸಾಕ್ಷಿಗಳ ಪಂಥದವರು. ಕಟ್ಟಾ ಭಕ್ತರು ಗೆದ್ದುಕೊಟ್ಟ ಹಕ್ಕನ್ನು ಇವತ್ತು ನಾಸ್ತಿಕರ ಮಕ್ಕಳು ಅನುಭವಿಸುತ್ತಿದ್ದಾರೆ.

ಎಡವುವುದು ಶಾಲೆ ಬಿಟ್ಟ ಮೇಲೆ. ಅದೇ ಕಟ್ಟಡದಲ್ಲಿ ಬೇರೆ ಕ್ಲಬ್ಬುಗಳಿಗೆ ಜಾಗ ಕೊಡುತ್ತಿದ್ದರೆ ಧಾರ್ಮಿಕ ಕ್ಲಬ್ಬಿಗೂ ಕೊಡಬೇಕು ಅಂತ 2001ರ ತೀರ್ಪಿದೆ. ಫಾರಂನಲ್ಲಿ ಹಾಡು, ಆಟ, ತಿಂಡಿ ಅಂತಿರುತ್ತದೆ. ಸಹಿ ಹಾಕುವ ಮೊದಲು ನಡೆಸುವವರು ಯಾರು ಅನ್ನುವ ಸಾಲು ಓದಿ, ಸಾಮಾನ್ಯವಾಗಿ ಅದು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ.

ಈಗ ತಲೆಬರಹದ ಪ್ರಶ್ನೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಆಂಟಿಯೊಬ್ಬರು, "ಏನ್ ಪುಟ್ಟಿ, ನಿಮ್ಮ ಮನೆದೇವರು ಯಾರು?" ಅಂತ ಕೇಳುತ್ತಾರೆ. ಮಗು ಪ್ರಾಮಾಣಿಕವಾಗಿ "ನಮಗೆ ದೇವರಿಲ್ಲ" ಅಂದರೆ ಆಂಟಿಗೆ ಕೋಪ ಬರುವುದಿಲ್ಲ, ನಿರಾಸೆ ಆಗುತ್ತದೆ. ಅವರು ಕೇಳಿದ್ದು ದೇವರನ್ನಲ್ಲ, ಜಾತಿಯನ್ನು. ಮಂಜುನಾಥನೋ ಮಾದಪ್ಪನೋ ರಾಯರೋ ಅಂತ ಗೊತ್ತಾದರೆ ಮಿಕ್ಕಿದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಧರ್ಮದ ಅತಿ ದೊಡ್ಡ ಕೆಲಸ ಇದೇ, ಯಾರ ಜೊತೆ ಊಟ, ಯಾರ ಜೊತೆ ಮದುವೆ ಅಂತ ಹೇಳುವುದು. ದೇವರನ್ನು ಬಿಟ್ಟ ಎಷ್ಟೋ ನಾಸ್ತಿಕರು ಈ ಭಾಗವನ್ನು ಬಿಟ್ಟಿಲ್ಲ. ಮಗುವಿಗೆ ಕಲಿಸಬೇಕಾದ ಉತ್ತರ ಊರಿನ ಹೆಸರು: "ನಮ್ಮೂರು ತಿಪಟೂರು ಆಂಟಿ." ಮತ್ತೆ ಕೇಳಿದರೆ, "ಯಾಕೆ ಆಂಟಿ ಕೇಳ್ತಿದ್ದೀರಿ?" ಇಷ್ಟು ಸಾಕು, ಮೂರನೇ ಸಲ ಯಾರೂ ಕೇಳುವುದಿಲ್ಲ. ಇದು ಬರೀ ಮನೆಮಾತಲ್ಲ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿಯೇ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದೇ ಮಸೂದೆ ಶಾಸನಸಭೆಯಲ್ಲಿ ಪಾಸಾದರೂ ಗವರ್ನರ್ ಸಹಿ ಹಾಕಲಿಲ್ಲ.

ಮದುವೆ ಅಂದಾಗ ನೆನಪಾಯಿತು. ಪುರೋಹಿತರಿಲ್ಲದೆ ಊರಿನಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುತ್ತೇವೆ ಅಂತ ಮೂರು ವಾರದ ರಜೆ ಹಾಕಿ ಹೊರಟರೆ ಆಗುವುದಿಲ್ಲ. ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಆದ ಮೇಲೆ ಇನ್ನೂ 30 ದಿನ ಕಾಯಬೇಕು. ಅದೇ ಪುರೋಹಿತರ ಮದುವೆ ಒಂದು ಬೆಳಗ್ಗೆಯಲ್ಲಿ ಮುಗಿಯುತ್ತದೆ, 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿಯೂ ಸಲೀಸು. ಆ ಕಾಯ್ದೆಯ ಲೆಕ್ಕದಲ್ಲಿ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರು ಹೆಚ್ಚುಕಡಿಮೆ ಎಲ್ಲರೂ ಹಿಂದೂಗಳೇ, ನಾಸ್ತಿಕರೂ ಸೇರಿ. ಲೆಸ್ಟರ್‌ನವರು ಹೇಳಿದ ಏರ್ಪಾಟು ಅಂದರೆ ಇದೇ. ಯಾರೂ ಬಲವಂತ ಮಾಡಲಿಲ್ಲ, ಒಂದು ದಾರಿಗೆ ಡಾಂಬರು ಹಾಕಿ ಇನ್ನೊಂದನ್ನು ಹಾಗೇ ಬಿಟ್ಟರು.

ಹ್ಯಾರೋದಿಂದ:

ಎಲ್ಲರೂ ಫಾರಂ, ಸೆಕ್ಷನ್ ಅಂತ ಬರೆದಿದ್ದೀರಿ, ಒಪ್ಪಿದೆ. ನಂಬುವವಳಾಗಿ ನಾನು ಒಂದನ್ನೇ ಕೇಳುತ್ತೇನೆ. ರಾತ್ರಿ ಒಂದು ಗಂಟೆಗೆ ಮನೆಯಲ್ಲಿ ಸಾವಾಯಿತು ಅನ್ನಿ. 2024ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನಲ್ಲಿ ಕೊರೋನರ್ (ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿ) ಕೇಸಲ್ಲದ ಪ್ರತಿ ಸಾವನ್ನೂ ಮೆಡಿಕಲ್ ಎಕ್ಸಾಮಿನರ್, ಅಂದರೆ ಸಾವಿನ ಕಾರಣ ಪರಿಶೀಲಿಸುವ ವೈದ್ಯರು, ನೋಡಬೇಕು. ಅವರ ಕಡೆಯಿಂದ ಕಾಗದ ರಿಜಿಸ್ಟ್ರಾರ್‌ಗೆ ಹೋದಮೇಲೆ ಐದು ದಿನದಲ್ಲಿ ನೋಂದಣಿ ಆಗಬೇಕು. ಆಮೇಲೆ ಚಿತಾಗಾರದ ಸ್ಲಾಟು, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಇಷ್ಟರ ನಡುವೆ ಊರಿನಿಂದ ಬರುವವರ ವೀಸಾ, ಮಕ್ಕಳ ಊಟ, ಫೋನು. ದೇವಸ್ಥಾನದ ಸಮಿತಿಯಲ್ಲಿ ಇದಕ್ಕೊಂದು ಪಟ್ಟಿ ಇದೆ, ಹನ್ನೊಂದು ದಿನ ಯಾವ ಮನೆಯಿಂದ ಅಡುಗೆ ಬರಬೇಕು ಅನ್ನುವವರೆಗೆ. ನಿಮ್ಮಲ್ಲಿ ಆ ಪಟ್ಟಿ ಇದೆಯಾ?

ಲೆಸ್ಟರ್‌ನಿಂದ:

ಹೆಚ್ಚಿನ ಕಡೆ ಇಲ್ಲ ಅಕ್ಕ. ನೀವು ಕೈಯಿಟ್ಟಿದ್ದು ಸರಿಯಾದ ಜಾಗಕ್ಕೆ. ಪಟ್ಟಿ ಮಾಡಿಕೊಳ್ಳದೆ ದೇವಸ್ಥಾನ ಬಿಟ್ಟವರು ಆಪತ್ತಿನ ದಿನ ಅಲ್ಲಿಗೇ ವಾಪಸ್ ಹೋಗುತ್ತಾರೆ, ಹೋಗುವುದು ತಪ್ಪೂ ಅಲ್ಲ.

ಹತ್ತು ಮನೆ ಸೇರಿದರೆ ಆಗುತ್ತದೆ. ನಾಲ್ಕು ಕೆಲಸ, ಪ್ರತಿಯೊಂದಕ್ಕೂ ಎರಡು ಹೆಸರು: ಕಾಗದಪತ್ರ, ಊರಿಗೆ ಫೋನ್ ಮಾಡುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಅಡುಗೆ ಸರದಿ ನೋಡಿಕೊಳ್ಳುವುದು. ವರ್ಷಕ್ಕೊಮ್ಮೆ ಪಟ್ಟಿ ಓದಿ ತಿದ್ದಿ, ಮನೆ ಖಾಲಿ ಮಾಡಿ ಹೋದವರ ಹೆಸರೇ ಅದರಲ್ಲಿ ಉಳಿದಿರುತ್ತದೆ. ಸ್ಲಾಟಿನ ಅರ್ಧ ಗಂಟೆಯಲ್ಲಿ ಮಂತ್ರ ಬೇಡವಾದರೆ ಧರ್ಮರಹಿತವಾಗಿ ನಡೆಸಿಕೊಡುವವರು ಸಿಗುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಉಯಿಲಿನಲ್ಲಿ ಬರೆದ ಅಂತ್ಯಕ್ರಿಯೆಯ ಇಚ್ಛೆಗೆ ಕಾನೂನಿನ ಬಲವಿಲ್ಲ, ತೀರ್ಮಾನ ಎಕ್ಸಿಕ್ಯೂಟರ್, ಅಂದರೆ ಉಯಿಲು ಜಾರಿ ಮಾಡಲು ಹೆಸರಿಸಿದವರ, ಕೈಯಲ್ಲಿ. ಚಿತಾಭಸ್ಮ ಪಶ್ಚಿಮವಾಹಿನಿಗೆ ಬರಲೇಬೇಕು ಅಂತ ಊರಿನ ಅಣ್ಣ ಫೋನಿನಲ್ಲಿ ಅಳುವಾಗ ಗಟ್ಟಿ ನಿಲ್ಲುವವರನ್ನೇ ಎಕ್ಸಿಕ್ಯೂಟರ್ ಮಾಡಿ.

ಮನೆಯೊಳಗಿನ ಮಾತು ಎರಡು. ಅಜ್ಜಿ ತಾತ ಆರು ತಿಂಗಳು ಬಂದಾಗ ಪೂಜೆ ಮಾಡಲಿ, ಮಗು ಪಕ್ಕದಲ್ಲಿ ಕೂರಲಿ. ಸ್ಮೋಕ್ ಅಲಾರಂ ಇರುವ ಕಡೆ ಕರ್ಪೂರ ಬೇಡ ಅನ್ನುವುದೊಂದೇ ನಿಯಮ. ಗೆರೆ ಎಳೆಯಬೇಕಾದ್ದು "ದೇವರು ಕಣ್ಣು ಕೀಳ್ತಾನೆ" ಅನ್ನುವಲ್ಲಿ. ಕಥೆ ಇರಲಿ, ಹೆದರಿಕೆ ಬೇಡ. ಗ್ರಹಣದ ದಿನ ಅನ್ನ ಕೆಡದಿರಲು ಅದಕ್ಕೆ ದರ್ಭೆ ಹುಲ್ಲು ಇಡಬೇಕು ಅನ್ನುವ ಸುದ್ದಿ ಬಂದರೆ ವಾದ ಮಾಡಬೇಡಿ. ಒಂದೇ ಪಾತ್ರೆಯ ಅನ್ನವನ್ನು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ದರ್ಭೆ ಇಡಿ, ಎರಡನ್ನೂ ಒಂದೇ ಕಡೆ ಮುಚ್ಚಿಡಿ. ಸಂಜೆ ದರ್ಭೆ ತೆಗೆದು, ಬಟ್ಟಲು ಅದಲುಬದಲು ಮಾಡಿ, ಯಾವುದು ಯಾವುದು ಅಂತ ತಾತನನ್ನೇ ಮೂಸಿ ಹೇಳಲು ಕೇಳಿ. ತಿನ್ನಲು ಕೊಡಬೇಡಿ, ಹೊತ್ತುಮೀರಿ ಹೊರಗಿಟ್ಟ ಅನ್ನ ಗ್ರಹಣವಿಲ್ಲದೆಯೂ ಕೆಡುತ್ತದೆ. ಒಂದು ಸಲ ಸರಿಯಾಗಿ ಹೇಳಿದರೆ ಏನೂ ಸಾಬೀತಾಗಲಿಲ್ಲ, ಎರಡರಲ್ಲಿ ಒಂದು ಹೇಗೂ ಸರಿಯಾಗುತ್ತದೆ. ಹತ್ತು ಸಲ ಕೇಳಬೇಕು ಅನ್ನುವುದನ್ನು ಮಗು ಇಲ್ಲಿ ಕಲಿಯುತ್ತದೆ.

ಇನ್ನು ಭಾಷೆಯಿಂದ ದೇವರನ್ನು ಗುಡಿಸಿಹಾಕಲು ಹೋಗಬೇಡಿ. "ಅಯ್ಯೋ ದೇವರೇ", "ಪಾಪ", "ಗ್ರಹಚಾರ", "ಹಣೆಬರಹ" ಎಲ್ಲ ತೆಗೆದರೆ ಮಗುವಿಗೆ ಬೈಯಲೂ ಬಾರದು, ಮರುಗಲೂ ಬಾರದು. ಬಿದ್ದ ಗೆಳೆಯನನ್ನು ನೋಡಿ "ಪಾಪ" ಅನ್ನುವ ಮಗು ಪಾಪಪುಣ್ಯದ ಲೆಕ್ಕ ಹಾಕುತ್ತಿಲ್ಲ.

ಕೊನೆಗೆ ಕನ್ನಡ ತರಗತಿ. ದೇವಸ್ಥಾನ ಸಭಾಂಗಣವನ್ನು ಪುಕ್ಕಟೆ ಕೊಡುತ್ತದೆ, ಅದಕ್ಕೆ ಪಾಠ ಗಣಪತಿ ಶ್ಲೋಕದಿಂದ ಶುರು. ಆ ಎರಡು ನಿಮಿಷದಿಂದ ದೂರ ಉಳಿಯುವವರು ನಾಸ್ತಿಕರಿಗಿಂತ ಜಾಸ್ತಿ ಬ್ಯಾರಿಗಳು, ಕ್ರೈಸ್ತರು. ಅವರ ಮಕ್ಕಳಿಗೂ ಕನ್ನಡ ಬೇಕು. ಲೈಬ್ರರಿಯ ಕೋಣೆಯೋ ಕಮ್ಯೂನಿಟಿ ಸೆಂಟರೋ ಬಾಡಿಗೆಗೆ ಹಿಡಿದು ಖರ್ಚನ್ನು ಹನ್ನೆರಡು ಮನೆಗೆ ಹಂಚಿ. ಅದಾಗದಿದ್ದರೆ ಸಭಾಂಗಣ ಅದೇ ಇರಲಿ, ಶ್ಲೋಕ ಪಾಠಕ್ಕೆ ಹತ್ತು ನಿಮಿಷ ಮೊದಲು ಬೇಕಾದವರಿಗೆ ನಡೆಯಲಿ. ಪಾಠದ ಗಂಟೆ ಒಗಟಿನಿಂದ ಶುರುವಾಗಲಿ.

ಡಬ್ಲಿನ್‌ನಿಂದ:

ಹತ್ತು ನಿಮಿಷ ಮೊದಲು ಅನ್ನುವುದನ್ನು ಈ ವಾರವೇ ಸಮಿತಿಯ ಮುಂದಿಡುತ್ತೇವೆ. ಆರೇಳು ವರ್ಷದವರಿಗೆ ಆಗುವಂಥ ಒಗಟುಗಳಿದ್ದರೆ ಕಳಿಸಿ, ನಲವತ್ತು ಬೇಕು, ವರ್ಷಕ್ಕೆ ಅಷ್ಟು ಶನಿವಾರ ತರಗತಿ.